ಕೋಟಿಗಾನಹಳ್ಳಿ ರಾಮಯ್ಯ: ಬೀದಿಯಿಂದ ಬೆಟ್ಟಕ್ಕೆ

ಕೋಟಿಗಾನಹಳ್ಳಿ ರಾಮಯ್ಯ ಕವಿ, ನಾಟಕಕಾರ, ದಲಿತ ಚಳವಳಿಯ ಕಾರ್ಯಕರ್ತ. ಈ ಮೂರನ್ನು ಬಿಡಿಬಿಡಿಯಾಗಿ ನೋಡಿದರೆ ಅವರ ಕೆಲಸ ಅರ್ಧ ಮಾತ್ರ ಕಾಣುತ್ತದೆ. ಅವರು ಹಾಡು ಬರೆದದ್ದು ಮೆರವಣಿಗೆಗೆ, ನಾಟಕ ಬರೆದದ್ದು ಮಕ್ಕಳಿಗೂ ಊರ ಬಯಲಿಗೂ. ಆಮೇಲೆ ಗೆಳೆಯರೊಂದಿಗೆ ಸೇರಿ ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಕೋಲಾರ ಸೀಮೆಯಲ್ಲಿ ಬಯಲ ಕಲೆಗೂ ಜಾತಿ ವಿರೋಧಿ ಹೋರಾಟಕ್ಕೂ ಇರುವ ನಂಟನ್ನು ಅರಿಯಲು ಈ ದಾರಿಯಲ್ಲೇ ಹೋಗಬೇಕು.

ದಾರಿ ಶುರುವಾಗುವುದು 1970ರ ದಶಕದಲ್ಲಿ. 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿನ ಸುತ್ತ ಎದ್ದ ಗಲಭೆ ದಲಿತ ವಿದ್ಯಾರ್ಥಿಗಳನ್ನು ಒಂದುಗೂಡಿಸಿತು. ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯಾಕಾಂಡವನ್ನು ‘ಸಮುದಾಯ’ ರಂಗತಂಡ ಬೀದಿನಾಟಕ ಮಾಡಿ ಕರ್ನಾಟಕದ ಊರೂರಿಗೆ ಒಯ್ದಿತು. ಈ ಅಲೆ ಗಟ್ಟಿಯಾಗಿ ನೆಲೆಯೂರಿದ ಜಿಲ್ಲೆಗಳಲ್ಲಿ ಕೋಲಾರ ಒಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಲ್ಲಿ ಓದು ಬಾರದವರಿಗೆ ಕರಪತ್ರದಿಂದ ಪ್ರಯೋಜನವಿರಲಿಲ್ಲ. ಅವರಿಗೆ ಸಂಘದ ಮಾತು ತಲುಪಿದ್ದು ಹಾಡಿನ ಮೂಲಕ. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥ ಗಾಯಕರ ಕಂಠದಲ್ಲಿ ಆ ಹಾಡುಗಳು ನಾಡಿನುದ್ದಕ್ಕೂ ಹೋದವು. ರಾಮಯ್ಯನವರದು ಆ ಹಾಡುಗಳನ್ನು ಕಟ್ಟಿಕೊಟ್ಟ ಮುಖ್ಯ ಕೈಗಳಲ್ಲಿ ಒಂದು.

ಹಾಡಿನ ಜೊತೆಗೆ ಬಂದದ್ದು ತಮಟೆ. ಮರದ ಅಥವಾ ಕಬ್ಬಿಣದ ಬಳೆಗೆ ಬಿಗಿದ ಚರ್ಮ, ಒಂದು ಕೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು. ಬಾರಿಸುವ ಮುನ್ನ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸುತ್ತಾರೆ. ಚರ್ಮ ಬಿಗಿದಂತೆ ದನಿ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ, ಮತ್ತೆ ಕಾಯಿಸಬೇಕು. ಈಗ ಬಂದಿರುವ ಫೈಬರ್ ತಮಟೆಗೆ ಈ ಕೆಲಸವಿಲ್ಲ. ಆದರೆ ಆ ತುಂಬು ದನಿಯೂ ಅದಕ್ಕಿಲ್ಲ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ತಮಟೆ ಬಾರಿಸುವುದು ತೋಟಿ, ತಳವಾರ ಚಾಕರಿಯಂತೆಯೇ ಕೇರಿಯ ಮೇಲೆ ಹೇರಿದ್ದ ಬಿಟ್ಟಿ ಕೆಲಸ. ಒಲ್ಲೆ ಎಂದರೆ ಬಹಿಷ್ಕಾರ. ಹಾಗಾಗಿ ತಮಟೆಯನ್ನು ಕೆಳಗಿಡುವುದೇ ಬಿಡುಗಡೆ ಎಂದು ಚಳವಳಿಯಲ್ಲಿ ಹಲವರು ವಾದಿಸಿದರು. ಆ ವಾದದಲ್ಲಿ ನ್ಯಾಯವಿತ್ತು. ಆದರೂ ಮೆರವಣಿಗೆಯ ಮುಂದೆ ತಮಟೆ ಉಳಿಯಿತು. ಹೇಳಿಕಳಿಸಿದಾಗ ಬಂದು ಬಾರಿಸುತ್ತಿದ್ದವರು ತಾವಾಗಿಯೇ ಊರ ನಡುಬೀದಿಗೆ ಬಂದು, ತಮ್ಮ ಮಾತು ಹೇಳಲು ಬಾರಿಸತೊಡಗಿದರು. ವಾದ್ಯ ಅದೇ, ಬಾರಿಸುವ ಹಕ್ಕು ಮಾತ್ರ ಕೈ ಬದಲಾಯಿಸಿತು. ಕೋಲಾರದ ಮಟ್ಟಿಗೆ ಸಾರ್ವಜನಿಕ ಕಲೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥವಿಲ್ಲ. ಕೇರಿಯವರಿಗೆ ಊರ ಬೀದಿಯೇ ಸಾರ್ವಜನಿಕವಾಗಿರಲಿಲ್ಲ, ಅದನ್ನು ಹಾಗೆ ಮಾಡಿದ್ದೇ ಈ ಕಲೆ.

ರಾಮಯ್ಯನವರ ಬರವಣಿಗೆಗೆ ಈ ಗಡಿನಾಡಿನ ನುಡಿಯ ಹದವಿದೆ. ಇಲ್ಲಿ ಹಲವರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೈವಾರ ತಾತಯ್ಯನವರ ತತ್ವಪದಗಳು ಎರಡೂ ನುಡಿಗಳಲ್ಲಿವೆ, ಕೇಳಿಕೆ ಎಂಬ ಬಯಲಾಟಗಳಲ್ಲೂ ಎರಡೂ ಬೆರೆಯುತ್ತವೆ. ಗಡಿಯಾಚೆಯ ಕ್ರಾಂತಿ ಗಾಯಕ ಗದ್ದರ್ ಅವರ ಹಾಡುಗಳ ಓಟ ಇತ್ತ ಕಡೆಯವರಿಗೂ ಹತ್ತಿರವಾಗಿತ್ತು. ಘೋಷಣೆಯನ್ನೇ ಹಾಡಾಗಿಸಿದರೆ ಅದು ಸಭೆ ಮುಗಿದೊಡನೆ ಮರೆತುಹೋಗುತ್ತದೆ. ರಾಮಯ್ಯನವರ ಹಾಡುಗಳು ಉಳಿದದ್ದು ಅವುಗಳಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸತ್ತವರ ನೆನಪಿರುವುದರಿಂದ.

ಆ ನೆನಪಿಗೆ ಕಾರಣಗಳು ಕಡಿಮೆಯಿರಲಿಲ್ಲ. 2000ದ ಮಾರ್ಚ್ 11ರಂದು, ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಂಬಾಲಪಲ್ಲಿಯ ಹೊತ್ತಿಗಾಗಲೇ ದಲಿತ ಸಂಘರ್ಷ ಸಮಿತಿ ಹಲವು ಬಣಗಳಾಗಿ ಒಡೆದಿತ್ತು. ಧರಣಿ, ಮನವಿಪತ್ರಗಳ ದಾರಿ ಸವೆದಿತ್ತು.

ಆದಿಮ ಹುಟ್ಟಿದ್ದು ಈ ದಣಿವಿನ ಕಾಲದಲ್ಲಿ. ಜಾಗ ಅಂತರಗಂಗೆ ಬೆಟ್ಟಸಾಲಿನ ಮೇಲೆ, ತೇರಹಳ್ಳಿಗೆ ಹತ್ತಿರದ ಶಿವಗಂಗೆ. ಸುತ್ತ ಬಂಡೆ, ಕುರುಚಲು ಕಾಡು, ನಡುವೆ ಬಯಲು ರಂಗ. ಪ್ರತಿ ಹುಣ್ಣಿಮೆಯಂದು ಇಲ್ಲಿ ‘ಹುಣ್ಣಿಮೆ ಹಾಡು’ ನಡೆಯುತ್ತ ಬಂದು, ಎಂದೋ ನೂರನ್ನು ದಾಟಿದೆ. ಒಂದು ತಿಂಗಳು ತತ್ವಪದ, ಇನ್ನೊಂದು ತಿಂಗಳು ನಾಟಕ, ಮತ್ತೊಮ್ಮೆ ತಮಟೆ. ಬೆಟ್ಟದ ಹಳ್ಳಿಗಳವರೂ ಪೇಟೆಯವರೂ ಒಂದೇ ನೆಲದಲ್ಲಿ ಕೂರುತ್ತಾರೆ. ಪ್ರತಿಭಟನೆಯ ಕಲೆ ಘಟನೆ ನಡೆದಾಗ ಎದ್ದು, ಆಮೇಲೆ ಮಲಗಿಬಿಡುವುದೇ ಹೆಚ್ಚು. ತಿಂಗಳಿಗೊಮ್ಮೆ, ಘಟನೆ ಇರಲಿ ಇಲ್ಲದಿರಲಿ, ಜನರನ್ನು ಕೂರಿಸುವ ಈ ಪಟ್ಟು ರಾಮಯ್ಯನವರ ಹಾಡುಗಳಿಗಿಂತಲೂ ದೊಡ್ಡ ಕೆಲಸ.

ಮಕ್ಕಳ ರಂಗಭೂಮಿ ಇದರದೇ ಇನ್ನೊಂದು ಮುಖ. ರಾಮಯ್ಯನವರ ನಾಟಕಗಳ ‘ಹಕ್ಕಿ ಹಾಡು’, ‘ಕಾಗೆ ಕಣ್ಣು ಇರುವೆ ಬಲ’ ಎಂಬ ಹೆಸರುಗಳಲ್ಲೇ ಸಣ್ಣ ಜೀವಗಳಿವೆ. ಯಾರನ್ನು ಮುಟ್ಟಬಾರದು ಎಂಬ ಪಾಠವನ್ನು ಮಗು ಕಲಿಯುವುದು ಎಳವೆಯಲ್ಲೇ. ಹಾಗಿರುವಾಗ ಹೋರಾಟಗಾರನೊಬ್ಬ ಮಕ್ಕಳ ನಾಟಕಕ್ಕೆ ಕೈಹಾಕಿದ್ದರಲ್ಲಿ ಅಚ್ಚರಿಯಿಲ್ಲ.

ಅದರ ಅಗತ್ಯ ಇನ್ನೂ ಕಳೆದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದ್ದು ಸುದ್ದಿಯಾಯಿತು. ಮರುವರ್ಷ, ಹಿಂದೆ ಇದೇ ಜಿಲ್ಲೆಗೆ ಸೇರಿದ್ದ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಎರಡೂ ಒಂದೇ ಸೀಮೆಯ ಸುದ್ದಿಗಳು.

ಹೋರಾಟದ ಹಾಡುಗಳ ಸಾಲುಗಳು ಪುಸ್ತಕದಲ್ಲಿ ಸಿಗುತ್ತವೆ. ಯಾವ ಸಾಲಿಗೆ ತಮಟೆ ನಿಲ್ಲಬೇಕು, ಎಲ್ಲಿ ಗುಂಪು ದನಿಗೂಡಿಸಬೇಕು ಎಂಬುದು ಅಚ್ಚಿಗೆ ಒಗ್ಗುವುದಿಲ್ಲ. ಅದು ಹಾಡಿದವರಿಗೆ ಗೊತ್ತು, ಮತ್ತು ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರ ಎದುರು ಕೂತು ಕಲಿಯಲು ಆದಿಮದ ಬಯಲು ರಂಗಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ.