ಚೆಂಡಿಲ್ಲದವರನ್ನು ನೋಡು

ನಮ್ಮ ಅರಸೀಕೆರೆಯಲ್ಲಿ ಹೊತ್ತು ತಿಳಿಯಲು ಗಡಿಯಾರ ಬೇಕಿಲ್ಲ, ರೈಲು ಕೂಗಿದರೆ ಸಾಕು. ಜಗುಲಿಯ ಮಾತುಗಳೂ ಎರಡೇ: ರೈಲಿನ ವೇಳೆ, ಕೊಬ್ಬರಿಯ ಧಾರಣೆ. ಮೂರನೆಯದೊಂದಿದ್ದರೆ ಅದು ಕ್ರಿಕೆಟ್. ಇಂಥ ಊರಿನ ಗೃಹಿಣಿ ನಾನು, ಫುಟ್‌ಬಾಲ್ ತಂಡವೊಂದರ ಸೀಸನ್ನಿನ ವಿಮರ್ಶೆ ಬರೆಯುತ್ತೇನೆಂದು ಕೂತಾಗ ನಮ್ಮವರು ಕನ್ನಡಕ ಮೂಗಿನ ತುದಿಗಿಳಿಸಿ, "ಸಾರಿಗೆ ಉಪ್ಪು ಹಾಕಿದ್ದೀಯೋ ಇಲ್ಲವೋ, ಮೊದಲು ಅದನ್ನ ನೋಡು" ಎಂದರು. ಹಾಕಿದ್ದೆ. ಆದ್ದರಿಂದ ನಿಶ್ಚಿಂತೆಯಿಂದ ಮುಂದುವರಿಯುತ್ತೇನೆ.

ನಾನು ಹೇಳಹೊರಟಿರುವುದು ಬೆಂಗಳೂರು ಎಫ್‌ಸಿ ತಂಡದ ಮೊದಲ ಸೀಸನ್ನಿನ ಬಗ್ಗೆ, ಅಂದರೆ 2013-14ರ ಬಗ್ಗೆ. ಆಗ ದೇಶದ ಅತ್ಯುನ್ನತ ದರ್ಜೆಯ ಫುಟ್‌ಬಾಲ್ ಎಂದರೆ ಐ-ಲೀಗ್. ಹುಟ್ಟಿದ ವರ್ಷವೇ ಅದನ್ನು ಗೆದ್ದ ಕೂಸು ಈ ತಂಡ. ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಆ ಸುದ್ದಿ ಒಂದು ಮೂಲೆಯಲ್ಲಿ ಅಂಗೈಯಗಲ ಬಂದಿತ್ತು. ಗೋಲು ಹೊಡೆದವರ ಹೆಸರಿತ್ತು, ಅಷ್ಟೆ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಆ ಸೀಸನ್ನಿನ ಒಂದು ಪಂದ್ಯವನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಳು. "ಅಮ್ಮ, ಒಂದ್ಸಲ ಬಾ, ಮ್ಯಾಚ್ ತೋರಿಸ್ತೀನಿ" ಎಂದು ಫೋನು ಮಾಡಿದಳು. ಚಟ್ನಿಪುಡಿಯ ಡಬ್ಬಿ, ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ರೈಲು ಹತ್ತಿದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೃತಕ ಹುಲ್ಲಿನ ಮೇಲೆ ಆಟ. ಒಂದು ಪಕ್ಕದಲ್ಲಿ ನೀಲಿ ಅಂಗಿಯ ಹುಡುಗ ಹುಡುಗಿಯರು ಒಂದೇ ಸಮನೆ ಹಾಡುತ್ತಿದ್ದರು. ನಮ್ಮೂರ ರಥೋತ್ಸವದಲ್ಲಿ ತೇರು ನಿಂತಾಗಲಾದರೂ ಒಂದಿಷ್ಟು ಮೌನವಿರುತ್ತದೆ, ಇಲ್ಲಿ ಅದೂ ಇಲ್ಲ. ನಾನು ಚೆಂಡಿನ ಹಿಂದೆ ಕಣ್ಣು ಓಡಿಸಿ ಓಡಿಸಿ ಹತ್ತು ನಿಮಿಷದಲ್ಲಿ ಸುಸ್ತಾದೆ. ಮಗಳು ನಕ್ಕು, "ಚೆಂಡನ್ನ ನೋಡ್ಬೇಡಮ್ಮ. ಚೆಂಡಿಲ್ಲದೋರನ್ನ ನೋಡು" ಎಂದಳು.

ಅದೇನೋ ಮಾತಿನಲ್ಲಿ ಮಾಯೆಯಿತ್ತು. ಒಬ್ಬನ ಕಾಲಲ್ಲಿ ಚೆಂಡಿದ್ದಾಗ ಉಳಿದ ಹತ್ತು ಜನ ಸುಮ್ಮನೆ ನಿಂತಿರುವುದಿಲ್ಲ. ಒಬ್ಬ ಅತ್ತ ಓಡಿ ಎದುರಾಳಿಯನ್ನು ತನ್ನ ಹಿಂದೆ ಎಳೆದೊಯ್ಯುತ್ತಾನೆ, ಬಿಟ್ಟ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ. ಹಿಂದಿನ ನಾಲ್ವರು ಒಂದೇ ಹಗ್ಗ ಹಿಡಿದವರಂತೆ ಮುಂದೆ ಹಿಂದೆ ಸರಿಯುತ್ತಾರೆ. ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಆ ವರ್ಷ ಹಿಂದೆ ನಿಂತು ಕಾಯ್ದವರು. ನನಗೆ ಹಳೇಬೀಡು ನೆನಪಾಯಿತು. ಹೊಯ್ಸಳೇಶ್ವರನ ಗುಡಿಗೆ ಬಂದವರೆಲ್ಲ ಕತ್ತೆತ್ತಿ ದೇವರುಗಳನ್ನು ನೋಡುತ್ತಾರೆ, ಬೇಲೂರಿನಲ್ಲಾದರೆ ಮದನಿಕೆಯರನ್ನು. ಹಳೇಬೀಡಿನ ಗೋಡೆಯ ತೀರ ಕೆಳಗಿನ ಸಾಲಿನಲ್ಲಿ ಆನೆಗಳಿವೆ. ಮೇಲಿನ ಸಿಂಹ, ಕುದುರೆ, ರಾಮಾಯಣ, ಮಹಾಭಾರತ ಎಲ್ಲದರ ಭಾರ ಹೊತ್ತಂತೆ ಸುತ್ತಲೂ ನಡೆದಿವೆ. ಬಗ್ಗಿ ನೋಡುವವರು ಕಡಿಮೆ. ಗೋಲಿನ ಹೆಸರು ಮಾತ್ರ ಬರೆಯುವ ಪತ್ರಿಕೆಯೂ ಕತ್ತೆತ್ತಿ ಮಾತ್ರ ನೋಡುವ ಯಾತ್ರಿಕನೂ ನನಗೆ ಒಂದೇ.

ಈ ಕಣ್ಣಿನಿಂದ ಆ ಸೀಸನ್ನನ್ನು ನೋಡಿ. 2013ರ ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಎದುರಿಗೆ ಕೋಲ್ಕತ್ತದ ಹಳೆಯ ಹುಲಿ ಮೋಹನ್ ಬಾಗನ್. ಫಲಿತಾಂಶ 1-1. ಆಮೇಲೆ 13 ತಂಡಗಳ ಲೀಗಿನಲ್ಲಿ ಒಟ್ಟು 24 ಪಂದ್ಯ: 14 ಗೆಲುವು, 5 ಸಮ, 5 ಸೋಲು, 47 ಅಂಕ. 2014ರ ಏಪ್ರಿಲ್ 21ರಂದು ಗೋವೆಯ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಇನ್ನೊಂದು ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿ ಕೈಗೆ ಬಂತು. ನಾಯಕ ಸುನಿಲ್ ಛೆಟ್ರಿ 14 ಗೋಲು ಹೊಡೆದರು. ಅದು ಮದನಿಕೆಯ ಕೆಲಸ, ಚೆಂದದ್ದೇ. ಆದರೆ ಐದು ಸಲ ಸೋತ ತಂಡ ಚಾಂಪಿಯನ್ ಆಗುವುದು ಮದನಿಕೆಯೊಬ್ಬಳಿಂದಲ್ಲ. ಸೋತ ಮರುವಾರ ಮತ್ತೆ ಅದೇ ಸಾಲಿನಲ್ಲಿ ನಿಂತು ಭಾರ ಹೊರುವ ಆನೆಗಳಿಂದ. ಕೋಚ್ ಆ್ಯಷ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ಪಡೆಯಲ್ಲಿ ಪಳಗಿದವರು. ಊಟ, ವಿಶ್ರಾಂತಿ, ಓಟ ಎಲ್ಲಕ್ಕೂ ಲೆಕ್ಕವಿಟ್ಟವರು. ದೊಡ್ಡ ಸಂಸಾರ ನಡೆಸಿದವರಿಗೆ ಆ ಲೆಕ್ಕದ ಬೆಲೆ ಗೊತ್ತು.

ಹೊಗಳಿದ್ದಾಯಿತು. ಈಗ ತಪ್ಪು ಹುಡುಕೋಣ, ವಿಮರ್ಶೆಯೆಂದ ಮೇಲೆ ಅದಿಲ್ಲದಿದ್ದರೆ ಒಗ್ಗರಣೆಯಿಲ್ಲದ ಸಾರು.

ಮೊದಲ ಆಕ್ಷೇಪ, ಇವರು ಮೆಟ್ಟಿಲು ಹತ್ತಿ ಬಂದವರಲ್ಲ. ಇಂಗ್ಲೆಂಡಿನಲ್ಲಿ ಸೋತವರು ಕೆಳಗಿನ ದರ್ಜೆಗೆ ಇಳಿಯಬೇಕು, ಗೆದ್ದವರು ಕೆಳಗಿನಿಂದ ಏರಿ ಬರಬೇಕು. ಬೆಂಗಳೂರಿನ ಎಚ್‌ಎಎಲ್ ಕಾರ್ಮಿಕರ ತಂಡ ಹಾಗೆ ಏರಿಳಿದ ತಂಡ. ಬೆಂಗಳೂರು ಎಫ್‌ಸಿಯಾದರೋ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜಿಂದಾಲ್ ಬಳಗದ್ದು, ಬಿಡ್ ಕೂಗಿ ನೇರ ಮೇಲಂತಸ್ತಿಗೆ ಬಂದದ್ದು. ಇದು ನಿಜ. ಆದರೆ ಬಾಗಿಲು ದುಡ್ಡಿನಿಂದ ತೆರೆಯಬಹುದು, 24 ಪಂದ್ಯ ಓಡುವುದು ಕಾಲಿನಿಂದಲೇ. ಈ ಆಕ್ಷೇಪಕ್ಕೆ ನಾನು ಹೆಚ್ಚು ಅಂಕ ಕಳೆಯುವುದಿಲ್ಲ.

ಎರಡನೆಯದು, ತಂಡದಲ್ಲಿ ನಮ್ಮ ನಾಡಿನ ಹುಡುಗರು ಎಷ್ಟು ಜನ? ಬೆರಳೆಣಿಕೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದದ್ದು, ಕೊನೆಯದು 1968-69ರಲ್ಲಿ. ಅಂಥ ನಾಡಿನ ತಂಡದಲ್ಲಿ ಪರಊರಿನವರೇ ತುಂಬಿದರೆ ಹೇಗೆ ಎಂದು ನನಗೂ ಅನಿಸಿತ್ತು. ಆದರೆ ಬೇಲೂರಿನ ಶಿಲ್ಪಿ ದಾಸೋಜ ಬೇಲೂರಿನವನೇನಲ್ಲ, ಬಳ್ಳಿಗಾವಿಯಿಂದ ಬಂದವನು. ತನ್ನ ಕೆತ್ತನೆಯ ಕೆಳಗೆ ಹೆಸರು ಹಾಕಿ ಹೋದ. ಜೊತೆಗೆ ಮಗ ಚಾವಣನೂ ಉಳಿ ಹಿಡಿದಿದ್ದ. ಕೇಳಬೇಕಾದ ಪ್ರಶ್ನೆ ದಾಸೋಜ ಎಲ್ಲಿಯವನು ಎಂಬುದಲ್ಲ. ಚಾವಣನ ಕೈಗೆ ಉಳಿ ಕೊಟ್ಟರೇ ಎಂಬುದು. ಆ ಮೊದಲ ವರ್ಷ ಕೊಟ್ಟದ್ದು ಕಡಿಮೆ. ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. 54 ವರ್ಷ ಕಾದಿದ್ದೇವೆ.

ಇದೇ ಕ್ಲಬ್ 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. 2019ರ ಮಾರ್ಚ್ 17ರಂದು ಅದನ್ನೂ ಗೆದ್ದಿತು. ಮುಂಬೈಯ ಫೈನಲ್ಲಿನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದವರು ರಾಹುಲ್ ಭೇಕೆ, ಡಿಫೆಂಡರ್. ಆನೆಯೂ ಒಂದು ದಿನ ಮೇಲಿನ ಸಾಲಿಗೆ ಹತ್ತಿತು ಎಂದು ಮಗಳಿಗೆ ಫೋನು ಮಾಡಿ ಹೇಳಿದ್ದೆ.

ಮೂರನೆಯ ಆಕ್ಷೇಪ ನನ್ನ ಸ್ವಂತದ್ದು. ಛೆಟ್ರಿಯವರ ತಾಯಿ ಸುಶೀಲಾ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಮಗನ ಕಾಲಿನಲ್ಲಿ ತಾಯಿಯ ಓಟ ಇದೆ ಅನ್ನಿ. ಆದರೆ ಆ 2014ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಆಡಲು ಇಂಥದೊಂದು ಲೀಗೇ ಇರಲಿಲ್ಲ. ಅದು ಶುರುವಾದದ್ದು 2016-17ರಲ್ಲಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ಅದರ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ 5-0ರಿಂದ ಸೋತರು. ಸೋತರೇನು, ತಲುಪಿದರಲ್ಲ! ನೀಲಿ ಅಂಗಿಯ ಹುಡುಗಿಯರು ಹಾಡುವುದಕ್ಕೆ ಜಾಗವಿದ್ದ ಆ ಕ್ರೀಡಾಂಗಣದಲ್ಲಿ ಅವರು ಆಡುವ ಮಾತನ್ನು ಅಂದು ಯಾರೂ ಎತ್ತಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಆ ದಿನ ಪಂದ್ಯ ನಮ್ಮವರೇ ಗೆದ್ದರು. ಹೊರಗೆ ಬರುತ್ತ ನಾನು, "ಇಷ್ಟೆಲ್ಲ ನಿನಗೆ ಹೇಗೆ ಗೊತ್ತೇ?" ಎಂದೆ. "ನಾನು ಹಿಂದೆ ನಿಂತು ಆಡ್ತಿದ್ನಲ್ಲಮ್ಮ, ಮರೆತ್ಯಾ?" ಎಂದಳು. ಮರೆತಿರಲಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಸಂಜೆಯಾದರೆ ಮೈದಾನದಲ್ಲಿ ಗಂಡುಹುಡುಗರ ಜೊತೆ ಆಡುತ್ತಿದ್ದಳು. ಒಂದು ದಿನ ಮೊಣಕಾಲು ತರಚಿಕೊಂಡು ಬಂದು ಬೂಟು ಕೇಳಿದಳು. "ಕಾಲು ಮುರ್ಕೊಂಡ್ರೆ ನಾಳೆ ನಿನ್ನ ಯಾರೇ ಮದುವೆ ಆಗ್ತಾರೆ?" ಎಂದು ನಾನೇ ಬಾಗಿಲು ಹಾಕಿದ್ದೆ. ಅವಳು ಅತ್ತಿರಲಿಲ್ಲ. ಮರುದಿನದಿಂದ ಹೋಗಲಿಲ್ಲ, ಅಷ್ಟೆ. ಆ ಮನೆಯಲ್ಲಿ ಚೆಂಡಿಲ್ಲದೆ ನಿಂತವಳನ್ನು ನಾನು ನೋಡಲೇ ಇಲ್ಲ.

ಆ ಸೀಸನ್ನಿಗೆ ನಾನು ಹದಿನಾರಾಣೆಯಲ್ಲಿ ಹನ್ನೆರಡಾಣೆ ಕೊಡುತ್ತೇನೆ. ಇಂಥ ರೈಲು ಜಂಕ್ಷನ್ನುಗಳ ಮೈದಾನದಲ್ಲಿ ತರಚಿದ ಮೊಣಕಾಲಿನ ಹುಡುಗಿಯರಿದ್ದಾರೆಂದು ಯಾರೂ ಹುಡುಕಿಕೊಂಡು ಬರಲಿಲ್ಲವೆಂದು ನಾಲ್ಕಾಣೆ ಹಿಡಿದಿಟ್ಟಿದ್ದೇನೆ. ಇದನ್ನು ಓದಿ ಹೇಳಿದಾಗ ಮಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದಿದ್ರೆ ನೀನು ಕಳಿಸ್ತಿದ್ಯಾ?" ಎಂದು ಕೇಳಿದಳು.

ಅಷ್ಟರಲ್ಲಿ ಯಾವುದೋ ರೈಲು ಕೂಗಿತು. "ಇಲ್ಲ" ಎಂದೆ. ಕೂಗಿನಲ್ಲಿ ಕೇಳಿಸಿರಲಾರದೆಂದು, ಅದು ನಿಂತ ಮೇಲೆ ಇನ್ನೊಂದು ಸಲ ಹೇಳಿದೆ.