ಓಲೆಗರಿ ಎಲ್ಲಿ ಹೋಯ್ತು?

ನಮ್ಮವರ ಗಿಡಮೂಲಿಕೆಯ ತಿಳಿವಳಿಕೆ ಬಗ್ಗೆ ಮಾತು ಬಂದಾಗಲೆಲ್ಲ 'ಮೌಖಿಕ ಪರಂಪರೆ' ಅನ್ನುವ ಪದವನ್ನು ಬಹಳ ಗೌರವದಿಂದ ಬಳಸುತ್ತಾರೆ. ನಾನೂ ಬಳಸಿದ್ದೇನೆ. ಈಚೆಗೆ ಆ ಗೌರವದ ಮೇಲೇ ಅನುಮಾನ ಬಂದಿದೆ. ಕಾರಣ, 'ಹೊರ್ತುಸ್ ಮಲಬಾರಿಕುಸ್'.

ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಲ್ಯಾಟಿನ್ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮಲಬಾರಿನ 700ಕ್ಕೂ ಹೆಚ್ಚು ಗಿಡಗಳ ಚಿತ್ರ, ಗುಣ ಅದರಲ್ಲಿವೆ. ಲಿನೇಯಸ್ ಕೂಡ ಇದನ್ನು ನೆಚ್ಚಿಕೊಂಡ. ಕೆ.ಎಸ್. ಮಣಿಲಾಲ್ ಇಂಗ್ಲಿಷಿಗೆ ತಂದದ್ದು 2003ರಲ್ಲಿ. ಮೊದಲ ಸಂಪುಟದಲ್ಲಿ ಮೂವರು ಕೊಂಕಣಿ ಬ್ರಾಹ್ಮಣರ ಪ್ರಮಾಣಪತ್ರವಿದೆ. ಈಳವ ವೈದ್ಯ ಇಟ್ಟಿ ಅಚ್ಯುತನ್ 1675ರಲ್ಲಿ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟದ್ದೂ ಇದೆ.

ಅಚ್ಯುತನ್ ಏನಂತಾನೆ ನೋಡಿ. ತಾನು ವಂಶಪಾರಂಪರ್ಯದ ವೈದ್ಯ. ಗಿಡಗಳ ಗುಣವನ್ನು ತನ್ನ ಪುಸ್ತಕದಲ್ಲಿರುವಂತೆ, ಅನುಭವದಲ್ಲಿ ಕಂಡಂತೆ ಹೇಳಿದ್ದೇನೆ ಅಂತಾನೆ. ಪುಸ್ತಕ! ವೈಕಂ ಗುಡಿಯ ಸುತ್ತಲ ಬೀದಿಯಲ್ಲಿ 1924ರಲ್ಲೂ ಓಡಾಡಬಾರದಿದ್ದ ಜಾತಿಯವನ ಮನೆಯಲ್ಲಿ ಅವತ್ತೇ ಓಲೆಗರಿ ಇತ್ತು. ಭಟ್ಟರಿಗೆ ನಿಘಂಟು, ಇವನಿಗೆ ಬರೀ ಬಾಯಿ ಅಂತ ನಾವೇ ಹಂಚಿಕೊಟ್ಟರೆ ಅದು ಯಾರ ಕೆಲಸ ಮಾಡಿಕೊಟ್ಟಂತೆ? ಗ್ರಂಥದ ಬೆನ್ನೆಲುಬು ಈಳವರ ಜ್ಞಾನವೇ ಎಂದು ರಿಚರ್ಡ್ ಗ್ರೋವ್ 1996ರಲ್ಲಿ ವಾದಿಸಿದ. ಸಂತೋಷ. ಆದರೆ ಡಚ್ಚರ ಪುಸ್ತಕ ಉಳಿಯಿತು, ಅಚ್ಯುತನ್‌ನ ಓಲೆ ಸಿಕ್ಕಿಲ್ಲ.

ಅದೇ ಜಾತಿಯ ಡಾ. ಪಲ್ಪು ಮದರಾಸಿನಲ್ಲಿ ವೈದ್ಯ ಓದಿ ಬಂದರೂ ತಿರುವಾಂಕೂರು ನೌಕರಿ ಕೊಡಲಿಲ್ಲ. ಮೈಸೂರು ಸಂಸ್ಥಾನಕ್ಕೆ ಬಂದು, ಬೆಂಗಳೂರಿನ 1898ರ ಪ್ಲೇಗಿನಲ್ಲಿ ದುಡಿದರು. (ಅದಕ್ಕೆ ನಾವು ಬೀಗುವುದೇನೂ ಬೇಡ.) ಡಚ್ಚನಿಗೆ ಬೇಕಾದಾಗ ಸಾಕ್ಷಿ, ಸಂಬಳ ಕೊಡಬೇಕಾದಾಗ ಅಸ್ಪೃಶ್ಯ.

ನಮ್ಮೊಳಗೇ ಆಡಬೇಕಾದ ಮಾತೂ ಒಂದಿದೆ. ಈಳವರಿಗಿಂತ ಕೆಳಕ್ಕೆ ತಳ್ಳಿದ್ದ ಪುಲಯರ ಪ್ರಮಾಣಪತ್ರ ಅಲ್ಲಿಲ್ಲ. ಗದ್ದೆಬದುವಿನ ಸೊಪ್ಪು ಅವರಿಗೆ ಗೊತ್ತಿರಲಿಲ್ಲವೇ? ಅವರನ್ನು ಕೋಟೆಯೊಳಕ್ಕೆ ಕರೆದವರು ಯಾರು?

ಗ್ರಂಥದಲ್ಲಿ 'ಕೊಡಗಪಾಲ' ಇದೆ, ನಮ್ಮ ಕೊಡಸಿಗೆ. ರಕ್ತಭೇದಿಗೆ ಅದರ ಚಕ್ಕೆಯ ಕಷಾಯವನ್ನು ನಮ್ಮಜ್ಜಿ ಕೊಡುತ್ತಿದ್ದಳು. ಜಾನಪದ ಸಂಗ್ರಹಕ್ಕೆ ಬಂದವರೊಬ್ಬರು ನಮ್ಮ ಕೇರಿಯಲ್ಲಿ ಎರಡು ದಿನ ಕೂತು ಬರಕೊಂಡು ಹೋದರು. ಪುಸ್ತಕ ಬಂದ ಮೇಲೆ ಅಜ್ಜಿಗೆ ಓದಿ ಹೇಳಿದೆ. ಕೊನೆಯಲ್ಲಿ 'ಹೇಳಿದವರು: ಒಬ್ಬ ವೃದ್ಧೆ' ಅಂತಿತ್ತು.

'ನನ್ನ ಹೆಸರು ಕೇಳ್ಲೇ ಇಲ್ವಲ್ಲಪ್ಪ ಅವ್ರು' ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಚಕ್ಕೆ ಯಾವ ತಿಂಗಳಲ್ಲಿ ಕೆತ್ಬೇಕು ಅಂತಾನೂ ಕೇಳ್ಲಿಲ್ಲ' ಅಂದಳು.