ಕೇಳಿಸದ್ದು ಆ್ಯಪಿಗೆ, ಅಂಕ ಹೋದದ್ದು ಅಜ್ಜಿಗೆ

ಮಿದುಳಿಗೆ ಕಸರತ್ತು ಕೊಡುವ ಆ್ಯಪ್‌ಗಳಲ್ಲಿ ಬಾಯಿಬಿಟ್ಟು ಉತ್ತರ ಹೇಳುವ ಆಟಗಳು ಬೇಕೇ ಬೇಕು. ಬೆರಳು ನಡುಗುವವರಿಗೆ, ಪರದೆ ಮುಟ್ಟಲು ಅಳುಕುವವರಿಗೆ ಅದೇ ದಾರಿ. ಆದರೆ ಬೆಂಗಳೂರಿನ ಹಲಸೂರು, ಶಿವಾಜಿನಗರದ ಮನೆಗಳಲ್ಲಿ ಹಿರಿಯರು ಇವನ್ನು ಆಡುವುದನ್ನು ನೋಡಿದವನಾಗಿ ಹೇಳುತ್ತೇನೆ: ಈ ಆಟಗಳ ಅಂಕ ನಂಬುವಂಥದ್ದಲ್ಲ. ಸರಿಯಾದ ಉತ್ತರವನ್ನೇ ಹೇಳಿದರೂ ಆ್ಯಪಿಗೆ ಕೇಳಿಸದಿದ್ದರೆ ‘ತಪ್ಪು’ ಎಂದು ಬರುತ್ತದೆ. ಅಜ್ಜಿ ತನ್ನ ನೆನಪೇ ಕೆಟ್ಟಿತೆಂದು ಕೊರಗುತ್ತಾಳೆ.

ಬಣ್ಣ ಹೇಳುವ ಆಟವನ್ನೇ ನೋಡಿ. ಇದರ ಮೂಲ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗ. ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದಿದ್ದರೆ ‘ನೀಲಿ’ ಎನ್ನಬೇಕು. ಆ ಪ್ರಯೋಗದಲ್ಲಿ ಬರೀ ಬಣ್ಣದ 100 ಗುರುತುಗಳನ್ನು ಹೆಸರಿಸಲು ಸರಾಸರಿ 63 ಸೆಕೆಂಡ್ ಹಿಡಿಯಿತು, ಪದಕ್ಕೂ ಬಣ್ಣಕ್ಕೂ ತಾಳೆಯಾಗದ 100ಕ್ಕೆ 110 ಸೆಕೆಂಡ್. ಅಂದರೆ ಒಂದೊಂದು ಉತ್ತರಕ್ಕೆ ಅರ್ಧ ಸೆಕೆಂಡಿಗೂ ಕಡಿಮೆ ಅಂತರ. ಆಗ ಎದುರು ಕೂತು ಕೇಳುತ್ತಿದ್ದವರು ಮನುಷ್ಯರು. ಫೋನಿನಲ್ಲಿ ದನಿ ಮೈಕಿನಿಂದ ಹೊರಟು, ಅಕ್ಷರವಾಗಿ, ಉತ್ತರದ ಜೊತೆ ತಾಳೆಯಾಗಬೇಕು. ಬ್ಲೂಟೂತ್ ಇಯರ್‌ಫೋನ್, ಸೋತ ಇಂಟರ್ನೆಟ್ ಎರಡೂ ಸೇರಿದರೆ ಆಗುವ ವಿಳಂಬದಲ್ಲಿ ಅಳೆಯಬೇಕಾದ ಅಂತರವೇ ಮುಳುಗಿಹೋಗುತ್ತದೆ. ಗಡಿಯಾರ ನಿಲ್ಲಬೇಕಾದದ್ದು ಬಾಯಿ ತೆರೆದ ಕ್ಷಣಕ್ಕೆ. ಅಕ್ಷರ ಮೂಡುವವರೆಗೆ ಅದನ್ನು ಓಡಲು ಬಿಟ್ಟಿರುವ ಆ್ಯಪ್ ಅಳೆಯುವುದು ನೆಟ್‌ವರ್ಕನ್ನು.

ಹಲಸೂರು, ಶಿವಾಜಿನಗರ ಸೇರಿದ ಕಂಟೋನ್ಮೆಂಟಿನ ಕಡೆಯ ಮಾತು ಇದಕ್ಕಿಂತ ದೊಡ್ಡ ತೊಡಕು. ದಖ್ಖನಿ, ತಮಿಳು, ಕನ್ನಡ, ಇಂಗ್ಲಿಷ್ ಇಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಫೋನನ್ನು ಕನ್ನಡಕ್ಕೆ ಇಟ್ಟರೆ ‘ಯೆಲ್ಲೋ’ ಎಂದದ್ದು ‘ಎಲ್ಲೋ’ ಆಗಿಬಿಡಬಹುದು. ಇಂಗ್ಲಿಷಿಗೆ ಇಟ್ಟರೆ ‘ಲಾಲ್’, ‘ಹಸಿರು’ ಎರಡೂ ಗಾಳಿಗೆ. ಒಂದೇ ಬಣ್ಣಕ್ಕೆ ನಾಲ್ಕು ಭಾಷೆಯ ಹೆಸರನ್ನೂ ಒಪ್ಪುವುದು ತಯಾರಕರಿಗೆ ಕಷ್ಟದ ಕೆಲಸವೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿರುವಾಗ, ನಮ್ಮ ಮಾತಿನ ಮಾದರಿ ಸಿಗಲಿಲ್ಲವೆಂಬ ನೆವ ಹೆಚ್ಚು ದಿನ ನಡೆಯದು.

ಅಂಕಿಗಳನ್ನು ಕೇಳಿ ಮತ್ತೆ ಹೇಳುವ ಆಟದಲ್ಲಿ ಇನ್ನೊಂದು ಅನ್ಯಾಯವಿದೆ. ವೇಲ್ಸ್‌ನ ಮಕ್ಕಳು ಈ ಪರೀಕ್ಷೆಯಲ್ಲಿ ಹಿಂದೆ ಬೀಳಲು ಅವರ ಭಾಷೆಯಲ್ಲಿ ಅಂಕಿ ಉಚ್ಚರಿಸಲು ಹೆಚ್ಚು ಹೊತ್ತು ಬೇಕಾಗುವುದೇ ಕಾರಣವೆಂದು ಎಲಿಸ್ ಮತ್ತು ಹೆನೆಲಿ 1980ರಲ್ಲಿ ತೋರಿಸಿದರು. ನಮ್ಮ ‘ಎರಡು’, ‘ಒಂಬತ್ತು’ ಕೂಡ ಇಂಗ್ಲಿಷಿನ ಟೂ, ನೈನ್‌ಗಿಂತ ಉದ್ದ. ಕನ್ನಡದಲ್ಲಿ ಆಡಿದವರ ಅಂಕವನ್ನು ಇಂಗ್ಲಿಷಿನವರ ಸರಾಸರಿಯ ಪಕ್ಕ ಇಡುವುದು ಸಲ್ಲದು. ನಿಮ್ಹಾನ್ಸ್‌ನ ಪರೀಕ್ಷಾ ಮಾಲೆಯಲ್ಲಿ ಈ ಎಚ್ಚರ ಕಾಣುತ್ತದೆ. ಅದರ ಒಂದು ಸ್ಮರಣೆಯ ಪರೀಕ್ಷೆಯಲ್ಲಿ ಹಲವು ಭಾರತೀಯ ಭಾಷೆಗಳಿಗೆ ಸಮಾನವಾದ ವ್ಯಂಜನಗಳನ್ನು ಕೇಳಿಸುತ್ತಾರೆ. ಅದೇ ವ್ಯಂಜನ ಮತ್ತೆ ಬಂದಾಗ ಮೇಜು ತಟ್ಟಿದರೆ ಸಾಕು.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ಆ್ಯಪಿಗೆ ಮೈಕಿನ ಅನುಮತಿ ಇದೆಯೇ ನೋಡಿ. ಫೋನಿನ ರೆಕಾರ್ಡರಿನಲ್ಲಿ ನಾಲ್ಕು ಮಾತು ಹಿಡಿದು ಕೇಳಿ. ಅಲ್ಲಿ ದನಿ ಸ್ಪಷ್ಟವಾಗಿದ್ದರೆ ಮೈಕ್ ಸರಿಯಿದೆ, ಧ್ವನಿ ಗುರುತಿಸುವ ಭಾಷೆಯ ಸೆಟ್ಟಿಂಗ್ ಬದಲಿಸಿ ನೋಡಬೇಕು. ಬ್ಲೂಟೂತ್ ತೆಗೆದಿಡಿ. ಬೀಪ್ ಆದ ಮೇಲೆ ಒಂದು ಕ್ಷಣ ತಡೆದು ಮಾತಾಡಿ, ಇಲ್ಲವಾದರೆ ಮೊದಲ ಅಕ್ಷರವೇ ಕತ್ತರಿಸಿಹೋಗುತ್ತದೆ. ಕುಕ್ಕರ್, ಟಿವಿ ಸದ್ದು ನಿಲ್ಲಿಸಬಹುದು. ಇಂದಿರಾನಗರದ ಸಿಎಂಎಚ್ ರಸ್ತೆಯ ಪಕ್ಕದವರು 2011ರಿಂದ ಓಡುತ್ತಿರುವ ಮೆಟ್ರೋವನ್ನು ನಿಲ್ಲಿಸಲಾರರು, ಒಳಕೋಣೆಗೆ ಹೋಗಬೇಕು. ಬಾಯಿಯ ಬದಲು ಬೆರಳಿನಿಂದ ಆಡಿದರೆ ಆ ಅಂಕವನ್ನು ಬೇರೆಯೇ ಇಡಿ. ಬಣ್ಣದ ಆಟದಲ್ಲಿ ಮಾತಿನ ಉತ್ತರಕ್ಕೆ ಗೊಂದಲ ಹೆಚ್ಚು, ಗುಂಡಿ ಒತ್ತಿದರೆ ಕಡಿಮೆ.

ಇಷ್ಟೆಲ್ಲ ಬಳಸುವವರ ತಲೆಗೇ ಕಟ್ಟುವುದು ತಯಾರಕರ ಸೋಮಾರಿತನ. ತಾನು ಏನು ಕೇಳಿಸಿಕೊಂಡೆನೆಂಬುದನ್ನು ಆ್ಯಪ್ ತೆರೆಯ ಮೇಲೆ ತೋರಿಸಲಿ, ಕೇಳಿಸದ ಉತ್ತರವನ್ನು ಲೆಕ್ಕದಿಂದ ಬಿಡಲಿ. ಅಲ್ಲಿಯವರೆಗೆ, ಅಪ್ಪ ಅಮ್ಮನಿಗೆ ಇಂಥ ಆ್ಯಪ್ ಹಾಕಿಕೊಡುವವರು ನೀವಾದರೆ, ಪಕ್ಕದಲ್ಲಿ ಕೂತು ಅವರ ಉತ್ತರವನ್ನು ನಿಮ್ಮ ಕಿವಿಯಿಂದಲೇ ಕೇಳಿ. ಮರೆವಿನ ಅನುಮಾನ ಬಂದರೆ ಫೋನಿನ ಅಂಕ ಬದಿಗಿಟ್ಟು ವೈದ್ಯರ ಬಳಿ ಕರೆದುಕೊಂಡು ಹೋಗಿ.